ಸೇಡಮಿನ ಅರಿಶಿನ ಗೋಡೆ, ಕುಂಕುಮ ಗೋಡೆ

ಮನೆಗೆ ಯಾವ ಬಣ್ಣ ಹಚ್ಚಿಸಲಿ ಎಂದು ನನ್ನನ್ನು ಕೇಳದ ಯಜಮಾನರಿಲ್ಲ. ನಾನು ಹೇಳಿದ ಬಣ್ಣ ಹಚ್ಚಿಸಿದ ಯಜಮಾನರೂ ಇಲ್ಲ. ಈ ಎರಡರ ನಡುವೆ ಏಣಿ ಹಾಕಿಕೊಂಡು ನಾನು ಬದುಕು ಕಳೆದೆ. ಈಗ ಈ ಕಸುಬಿಗೆ ಇಳಿಯುವ ಹುಡುಗರು ಕಂಪನಿಯ ಬಣ್ಣದ ಪಟ್ಟಿ ಹಿಡಿದು ಓಡಾಡುತ್ತಾರೆ. ಅದರಲ್ಲಿ ಬಿಳಿಯೇ ಹತ್ತಾರು ಬಗೆ. ನನ್ನ ಕಾಲದಲ್ಲಿ ಶಹಾಬಾದಿನ ಭಟ್ಟಿಯ ಸುಣ್ಣ, ಕೆಮ್ಮಣ್ಣು, ಹಳದಿ ಮಣ್ಣು, ನೀಲಿ ಪುಡಿ, ಇಷ್ಟೇ. ಎಣ್ಣೆ ಬಣ್ಣದ ಡಬ್ಬಿ ಹೈದರಾಬಾದಿನಿಂದ ರೈಲಿನಲ್ಲಿ ಬರಬೇಕಿತ್ತು. ಆದರೂ ಜಗಳಕ್ಕೆ ಕೊರತೆ ಇರಲಿಲ್ಲ. ಜಗಳವಾಡಲು ಬಣ್ಣದ ಪಟ್ಟಿ ಬೇಕಾಗಿಲ್ಲವೆಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ವಾಡಿಯಲ್ಲಿ, ಖಾದರ್ ಸಾಹೇಬರೆಂಬ ಉಸ್ತಾದರ ಕೈಕೆಳಗೆ. ಅಲ್ಲಿಯ ರೈಲ್ವೆ ನೌಕರರ ಕ್ವಾರ್ಟರ್ಸಿಗೆ ಬಣ್ಣ ಬಳಿಯುವ ಗುತ್ತಿಗೆ ಅವರದು. ಅಲ್ಲಿಯ ಹೆಣ್ಣುಮಕ್ಕಳು ಬಾಗಿಲಿಗೆ ಬಂದು, ‘ಸಾಹೇಬರೆ, ನಮ್ಮ ಮನಿಗಿ ಬ್ಯಾರೆ ಬಣ್ಣ ಹಚ್ರಿ, ಯಾವ ಬಾಗಲ ನಮ್ಮದು ಅಂತ ನಮ್ಮ ಯಜಮಾನರಿಗೇ ತಿಳೀವಲ್ದು’ ಎಂದು ಕೇಳುತ್ತಿದ್ದರು. ಉಸ್ತಾದರು ನಯವಾಗಿ, ‘ಯವ್ವಾ, ಸರಕಾರದಾಗ ಬಣ್ಣ ಎರಡೇ. ಸ್ಟೋರಿಗಿ ಬಂದದ್ದು, ಸ್ಟೋರಿಗಿ ಬರಲಾರದ್ದು’ ಎನ್ನುತ್ತಿದ್ದರು. ಅವರಷ್ಟು ಸುಖಿಯಾದ ಬಣ್ಣಗಾರನನ್ನು ನಾನು ಮುಂದೆ ಕಾಣಲಿಲ್ಲ. ಆಯ್ಕೆ ಇಲ್ಲದ ಕಡೆ ಬಣ್ಣಗಾರನಿಗೆ ಬೈಗುಳವಿಲ್ಲ.

ಖಾಸಗಿ ಮನೆಗಳಿಗೆ ಹೋದ ಮೇಲೆ ನನಗೆ ಲೋಕ ತಿಳಿಯಿತು. ಭಂಕೂರಿನಲ್ಲಿ ಕಲ್ಲಿನ ಗಣಿಯ ಯಜಮಾನರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಕನ್ನಡಿಯಂತೆ ನುಣುಪಾದ ಕಲ್ಲು, ನೋಡಿದರೆ ಮುಟ್ಟಬೇಕೆನಿಸುವಂಥದು. ಅದರ ಮೇಲೆ ದಪ್ಪಗೆ ಸುಣ್ಣ ಬಳಿ ಎಂದರು. ‘ಇಂಥಾ ಕಲ್ಲು ಯಾಕ್ ಮುಚ್ತೀರಿ ಯಜಮಾನ್ರೆ?’ ಎಂದೆ. ‘ತಮ್ಮಾ, ಈ ಊರಾಗ ದನದ ಕೊಟ್ಟಿಗೀಗೂ ಇದೇ ಕಲ್ಲದ. ಕಲ್ಲು ಕಂಡ್ರ ಬಡವರ ಮನಿ ಅಂತಾರ’ ಎಂದರು. ಬಳಿದೆ. ಮುಂದೆ ಅವರ ಮಗ ಹೈದರಾಬಾದ್ ನೋಡಿಕೊಂಡು ಬಂದು, ಅಲ್ಲಿಯ ದೊಡ್ಡವರ ಮನೆಗಳೆಲ್ಲ ಕಲ್ಲಿನಂತೆ ಕಾಣುತ್ತವೆ ಎಂದು ಹೇಳಿದ. ಆಗ ನನ್ನನ್ನು ಮತ್ತೆ ಕರೆಸಿ, ಸುಣ್ಣದ ಮೇಲೆ ಕಲ್ಲಿನ ಬಣ್ಣ ಹಚ್ಚಿಸಿ, ಕಪ್ಪು ಗೆರೆ ಎಳೆಸಿ ಕಲ್ಲಿನ ಸಂದುಗಳನ್ನೂ ಬರೆಸಿದರು. ಒಳಗಿನ ನಿಜವಾದ ಕಲ್ಲಿನ ಸಂದು ಎಲ್ಲೋ, ನಾನು ಬರೆದದ್ದು ಎಲ್ಲೋ.

ಪೊಲೀಸ್ ಆಕ್ಷನ್ ಆಗಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ವರ್ಷದ ಮಾತು ಬೇರೆ. ಹಳೆಯ ದರಬಾರಿನ ಬಾವುಟ ಹಳದಿ. ಆದ್ದರಿಂದ ಅಲ್ಲಿಯವರೆಗೆ ಮುಂದಿನ ಗೋಡೆಗೆ ಹಳದಿ ಬಳಿಸಿಕೊಂಡಿದ್ದ ವತನದಾರರು, ವಕೀಲರು, ಕಚೇರಿಯ ಜನರು ಎಲ್ಲರಿಗೂ ಒಮ್ಮೆಲೇ ಬಿಳಿಯ ಮೇಲೆ ಪ್ರೀತಿ ಹುಟ್ಟಿತು. ಶಹಾಬಾದಿನ ಭಟ್ಟಿಗಳಲ್ಲಿ ಸುಣ್ಣ ಸಿಗದಂತಾಯಿತು. ಚಿತ್ತಾಪುರದಲ್ಲಿ ಒಬ್ಬರು ಗೋಡೆ ಹೆರೆದು ತೆಗೆ ಎಂದು ಅವಸರ ಮಾಡಿದರು. ಹೆರೆದರೆ ಹಳದಿಯ ಕೆಳಗೆ ಇನ್ನೂ ಹಳೆಯ ಹಳದಿ. ‘ಇದು ನಮ್ಮ ಅಪ್ಪಂದು, ನಂದಲ್ಲ’ ಎಂದು ಅವರು ಬೀದಿಯಲ್ಲಿ ಹೋಗುವವರಿಗೆಲ್ಲ ಕೂಗಿ ಹೇಳಿದರು. ನಗಬೇಕೆನಿಸಿದರೂ ಆ ದಿನಗಳಲ್ಲಿ ನಗುವಂತಿರಲಿಲ್ಲ. ಆ ಗದ್ದಲದಲ್ಲೇ ಖಾದರ್ ಸಾಹೇಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಗಳ ಊರಿಗೆ ಹೋದರು. ತಿರುಗಿ ಬರಲಿಲ್ಲ. ಹೋಗುವಾಗ ಏಣಿಯನ್ನು ನನ್ನ ಹೆಗಲಿಗೆ ಒರಗಿಸಿ, ‘ಸಿದ್ದಣ್ಣಾ, ಮ್ಯಾಲ ನಿಂತಾಗ ಕೆಳಗಿನವರ ಮಾತಿಗಿ ಕಿವಿ ಕೊಡಬ್ಯಾಡ’ ಎಂದಷ್ಟೇ ಹೇಳಿದರು.

ಇಂಥ ಹೆದರಿಕೆ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಹೈದರಾಬಾದ್ ರಾಜ್ಯ ಒಡೆಯುವ ಸುದ್ದಿ ಬಂದಾಗ ಚಿಂಚೋಳಿಯ ವಕೀಲರೊಬ್ಬರು, ನಮ್ಮ ತಾಲೂಕು ಆಂಧ್ರಕ್ಕೋ ಮೈಸೂರಿಗೋ ಎಂದು ಖಚಿತವಾಗುವವರೆಗೆ ಹೊಸ ಮನೆಯನ್ನು ಬರೀ ಗಾರೆಯಲ್ಲೇ ನಿಲ್ಲಿಸಿಬಿಟ್ಟರು. ಖಚಿತವಾದ ಮೇಲೆ ಕರೆಸಿ, ‘ಮೈಸೂರಿನವರಿಗಿ ಯಾವ ಬಣ್ಣ ಸೇರ್ತದ?’ ಎಂದು ಕೇಳಿದರು. ನಾನು ವಾಡಿಯಿಂದ ದಕ್ಷಿಣಕ್ಕೆ ಹೋದವನಲ್ಲ. ಗಂಧದ ಬಣ್ಣ ಇರಬಹುದೆಂದೆ. ಹಚ್ಚಿಸಿದರು. ಮೈಸೂರಿನಿಂದ ನೋಡಲಿಕ್ಕೆ ಯಾರೂ ಬರಲಿಲ್ಲ.

ಆದರೆ ಮನೆಯ ಹೊರಬಣ್ಣ ಯಾರದು, ಒಳಬಣ್ಣ ಯಾರದು ಎಂಬುದನ್ನು ನಾನು ಕಲಿತದ್ದು ಸೇಡಮಿನ ಒಂದು ಇಕ್ಕಟ್ಟಾದ ಓಣಿಯಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಓಣಿಯಲ್ಲಿ ಎರಡು ಮನೆ ಎದುರುಬದುರು. ಪಶ್ಚಿಮದ ಕಡೆಯದು ಚನ್ನಬಸಪ್ಪ ಸಾವ್ಕಾರರದು. ಮನೆಗೆ ಹತ್ತಿದಂತೆ ಅವರ ಅರಿವೆ ಅಂಗಡಿ. ಪೂರ್ವದ ಕಡೆಯದು ಭೀಮರಾಯರದು. ಅವರು ಹಳೆಯ ಸರಕಾರದಲ್ಲಿ ಗಿರದಾವರ, ಎಂದರೆ ಹಳ್ಳಿಗಳ ಲೆಕ್ಕ ತನಿಖೆ ಮಾಡುವ ಅಧಿಕಾರಿ ಆಗಿದ್ದು ನಿವೃತ್ತರಾದವರು. ಇಬ್ಬರೂ ಉರ್ದು ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಏಟು ತಿಂದ ಗೆಳೆಯರು. ಸಂಜೆ ಆಯಿತೆಂದರೆ ರಾಯರ ಕಟ್ಟೆಯ ಮೇಲೆ ಪಗಡೆ ಹಾಸುತ್ತಿದ್ದರಂತೆ. ಪೊಲೀಸ್ ಆಕ್ಷನ್ ಆದ ವಾರದಲ್ಲಿ ಹಳೆಯ ಸರಕಾರದ ಮನುಷ್ಯನೆಂದು ರಾಯರನ್ನು ವಿಚಾರಣೆಗೆ ಕರೆದೊಯ್ದರು. ಕೆಲವು ದಿನಗಳ ನಂತರ ಏನೂ ತಪ್ಪಿಲ್ಲವೆಂದು ಬಿಟ್ಟರು. ಬಂದ ದಿನದಿಂದ ರಾಯರು ಸಾವ್ಕಾರರೊಡನೆ ಮಾತು ಬಿಟ್ಟರು. ಯಾಕೆಂದು ಓಣಿಯಲ್ಲಿ ಯಾರಿಗೂ ತಿಳಿಯದು.

ಮೊದಲ ಚುನಾವಣೆಯ ಹೊತ್ತಿಗೆ ಸಾವ್ಕಾರರು ಅಂಗಡಿ ದೊಡ್ಡದು ಮಾಡಿ ನನ್ನನ್ನು ಕರೆಸಿದರು.

‘ಸಿದ್ದಣ್ಣಾ, ಓಣಿ ತಿರುವಿನಾಗಿಂದ್ಲೇ ಅಂಗಡಿ ಕಾಣಸ್ಬೇಕು. ಯಾವುದು ಹಚ್ಚೋಣು?’

‘ತೆಳ್ಳಗ ನೀಲಿ ಬೆರಸಿದ ಬಿಳಿ ಛಲೋ ಕಾಣಸ್ತದ್ರಿ.’

‘ಹೌದೇಳು. ಕುಂಕುಮದಂಗ ಕೆಂಪು ಹಚ್ಚು.’

ಹಚ್ಚಿದೆ. ಕೆಮ್ಮಣ್ಣಿಗೆ ಎಣ್ಣೆ ಬಣ್ಣದ ಕೆಂಪು ಸೇರಿಸಿ ಎರಡು ಕೈ ಬಳಿದ ಮೇಲೆ ಗೋಡೆ ನಿಗಿನಿಗಿ ಎನ್ನತೊಡಗಿತು. ಸಾವ್ಕಾರರು ಓಣಿಯ ತುದಿಗೆ ಹೋಗಿ ನಿಂತು ನೋಡಿ, ಖುಷಿಯಿಂದ ಒಳಗೆ ಬಂದು, ಆ ಗೋಡೆಗೆ ಬೆನ್ನು ಹಾಕಿ ಗಾದಿಯ ಮೇಲೆ ಕೂತರು. ಅಂದಿನಿಂದ ಆ ಗೋಡೆಯನ್ನು ನೋಡುವ ಕೆಲಸ ಎದುರು ಮನೆಯವರದಾಯಿತು.

ರಾಯರು ಇದು ತಮಗಾಗಿಯೇ ಬಳಿಸಿದ್ದೆಂದು ತಿಳಿದರು. ‘ನನ್ನ ಕಣ್ಣಾಗ ಖಾರ ಪುಡಿ ಒಗದಾನ’ ಎಂದು ಕುದಿದು, ತಮ್ಮ ಮನೆಯ ಒಳಗಾದರೂ ತಂಪಾಗಿರಲೆಂದು ಪಡಸಾಲೆಗೆ ಸುಣ್ಣ ಬಳಿಸಿದರು. ನಾನು ಸಂಜೆ ಬಳಿದು ಹೋದೆ. ಮರುದಿನ ಬಿಸಿಲೇರುವ ಹೊತ್ತಿಗೆ ಕರೆ ಬಂತು.

‘ಇದೇನೋ ಇದು? ಬಿಳಿ ಹಚ್ಚಂದ್ರ ಗುಲಾಬಿ ಹಚ್ಚೀದಿ!’

ನೋಡಿದರೆ ಗೋಡೆ ಖರೆಯೇ ಗುಲಾಬಿ ಆಗಿತ್ತು. ಸಾವ್ಕಾರರ ಮನೆಯ ಬಕೀಟು ತೊಳೆಯದೆ ತಂದಿದ್ದೀಯ ಎಂದು ಬೈದರು. ಇನ್ನೊಮ್ಮೆ ಬಳಿದೆ. ಮಧ್ಯಾಹ್ನ ಬಿಳಿ, ಮರುದಿನ ಮುಂಜಾನೆ ಮತ್ತೆ ಗುಲಾಬಿ. ಸುಣ್ಣದಲ್ಲೇ ದೋಷವೆಂದು ನಾನು ಶಹಾಬಾದಿಗೆ ಹೋಗಿ ಭಟ್ಟಿಯವನೊಡನೆ ಜಗಳವಾಡಿ ಬಂದೆ. ಅವನು ನನಗಿಂತ ಜೋರಾಗಿ ಬೈದ.

ಅಷ್ಟರಲ್ಲಿ ಗೋಡೆಯ ವಿಷಯ ಹಿಂದೆ ಬಿದ್ದಿತು. ರಾಯರ ಹೆಂಡತಿ ರಮಾಬಾಯಿಯವರ ಮುಖ ದಿನಾ ಮುಂಜಾನೆ ಕೆಂಪಗೆ ಕಾಣತೊಡಗಿತ್ತು. ರಾಯರಿಗೆ ಗಾಬರಿ. ನಾಡಿ ನೋಡುವ ಪಂಡಿತರು ಮುಂಜಾನೆಯ ಪೂಜೆ ಮುಗಿಸಿ ಬರುವವರು. ಪಡಸಾಲೆಯಲ್ಲಿ ಕೂಡಿಸಿ ಕಣ್ಣು ನೋಡಿದರು, ಕೆಂಪು. ನಾಲಿಗೆ ನೋಡಿದರು, ಕೆಂಪು. ಅಂಗೈ ನೋಡಿದರು, ಅದೂ ಕೆಂಪು.

‘ಪಿತ್ತ ನೆತ್ತಿಗೇರ್ಯದ ರಾಯರೆ. ಉಪ್ಪು ಖಾರ ಬಂದ್ ಮಾಡ್ರಿ. ಬರೇ ಗಂಜಿ.’

‘ನನಗ ಏನೂ ಆಗಿಲ್ಲ್ರಿ’ ಎಂದರು ರಮಾಬಾಯಿ.

‘ಹಂಗ ಅನಸೋದೇ ಈ ರೋಗದ ಲಕ್ಷಣ’ ಎಂದರು ಪಂಡಿತರು. ಅವರ ಅಂಗೈಯೂ ಅಷ್ಟೇ ಕೆಂಪಾಗಿತ್ತು. ಅದನ್ನು ಅವರೂ ನೋಡಲಿಲ್ಲ, ಗೋಡೆಗೆ ಮತ್ತೊಮ್ಮೆ ಸುಣ್ಣ ಬಳಿಯುತ್ತ ಏಣಿಯ ಮೇಲಿದ್ದ ನಾನೂ ನೋಡಲಿಲ್ಲ.

ಗಂಜಿ ಕುಡಿದು ಕುಡಿದು ಆ ತಾಯಿ ನಿಜವಾಗಿಯೂ ಸೊರಗಿದರು. ಮೊದಲು ಕೊಡ ಹೊತ್ತು ಮೆಟ್ಟಿಲು ಏರುತ್ತಿದ್ದವರು ಈಗ ಗೋಡೆ ಹಿಡಿದು ನಡೆಯತೊಡಗಿದರು. ಸಂಜೆ ಮುಖ ಬಿಳಿಚಿಕೊಂಡು ಕಂಡರೆ, ಔಷಧ ಹತ್ತಿತೆಂದು ರಾಯರಿಗೆ ಸಮಾಧಾನ. ಮುಂಜಾನೆ ಮತ್ತೆ ಕೆಂಪು, ಮತ್ತೆ ಗಂಜಿ. ಹೆಂಡತಿಯ ಚಿಂತೆಯೂ ಎದುರು ಮನೆಯ ಸಿಟ್ಟೂ ಕೂಡಿ ರಾಯರು ಒಂದು ದಿನ ನನ್ನನ್ನು ಕರೆದು, ‘ಹೊರಗಿನ ಗ್ವಾಡಿಗಿ ಹಳದಿ ಹಚ್ಚು. ಥೇಟ್ ಅರಿಶಿಣ ಇರಬೇಕು’ ಎಂದರು.

ನಾನು ಬಕೀಟು ಕೆಳಗಿಟ್ಟೆ. ‘ರಾಯರೆ, ಹಳದಿ ಬ್ಯಾಡ್ರಿ. ಹಳೇ ಬಾವುಟದ ಬಣ್ಣ ಅಂತ ಮಂದಿ ಏನರೆ ಅಂದಾರು.’

‘ಅನ್ನಲಿ. ಅವನ ಗ್ವಾಡಿ ಕುಂಕುಮ ಆದ್ರ ನಂದು ಅರಿಶಿಣ. ಯಾವ ಸರಕಾರ ಅರಿಶಿಣಕ್ಕ ಜೇಲಿಗಿ ಹಾಕ್ತದ ನೋಡೇಬಿಡೋಣು.’

ಯಾರೂ ಹಾಕಲಿಲ್ಲ. ಒಬ್ಬ ಪೊಲೀಸಿನವನು ಬಂದು ಗೋಡೆಯನ್ನು ಬಹಳ ಹೊತ್ತು ನೋಡಿ, ನಮ್ಮ ಮನೆಗೂ ಇಂಥದೇ ಆಗಬೇಕು, ಎಷ್ಟು ಪುಡಿ ಹಿಡಿಯುತ್ತದೆ ಎಂದು ಕೇಳಿ ಹೋದ. ಊರವರು ಆ ಓಣಿಗೆ ಅರಿಶಿನ-ಕುಂಕುಮದ ಓಣಿ ಎಂದು ಹೆಸರಿಟ್ಟರು. ಮದುವೆಯ ಅರಿವೆಗೆ ಬರುವವರು ಒಳ್ಳೆಯ ಶಕುನವೆಂದು ಇನ್ನೂ ಹೆಚ್ಚು ಬಂದರು. ಸಾವ್ಕಾರರಿಗೆ ಇದರಿಂದ ಲಾಭವಾದದ್ದು ಕಂಡು ರಾಯರಿಗೆ ಮತ್ತಷ್ಟು ಹೊಟ್ಟೆಯುರಿ.

ಆ ಲಾಭ ಬಹಳ ದಿನ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ನಾನು ಸಾವ್ಕಾರರ ಅಂಗಡಿಯ ಮಾಳಿಗೆಯ ತೊಲೆಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಕುರಕುಂಟಾದ ಸಂಗಮ್ಮ ಎಂಬ ಗಟ್ಟಿ ಹೆಣ್ಣುಮಗಳು ಸೀರೆಯ ಗಂಟು ಹಿಡಿದು ಒಳಗೆ ನುಗ್ಗಿದಳು. ಅವಳ ಮಗಳ ಮದುವೆ ಹತ್ತಿರ ಬಂದಿತ್ತು. ಹಿಂದಿನ ವಾರ ಇದೇ ಅಂಗಡಿಯಲ್ಲಿ ಮಗಳಿಗೆ ತಿಳಿ ಅರಿಶಿನದ ಬಣ್ಣದ ಸೀರೆ ಆರಿಸಿ ಒಯ್ದಿದ್ದಳು.

‘ಸಾವ್ಕಾರ, ನಿನ್ನ ಬಾಯಾಗ ಮಣ್ಣು ಬೀಳ್ಲಿ! ಲಗ್ನದ ಹುಡುಗಿಗಿ ಬಿಳಿ ಸೀರಿ ಕೊಟ್ಟು ಕಳಿಸೀದಿ? ಬೀಗರ ಮುಂದ ಗಂಟು ಬಿಚ್ಚಿದ್ರ ನಾ ಎಲ್ಲಿ ಸಾಯಬೇಕಿತ್ತು? ಬೀಗರ ಮನಿ ಮುದುಕಿ ಸೀರಿ ನೋಡಿ ಎದ್ದೇ ಹೋದ್ಳು. ಲಗ್ನಾ ಮುರದ್ರ ನೀ ಮದಿವಿ ಮಾಡಿಕೊಡ್ತಿ ಏನು ನನ್ನ ಮಗಳಿಗಿ?’

ಸಾವ್ಕಾರರು ಗಾಬರಿಯಾಗಿ ಸೀರೆ ಬಿಚ್ಚಿದರು. ಗಾದಿಯ ಮೇಲೆ ಹರಡಿದರೆ ಅಚ್ಚ ತಿಳಿ ಹಳದಿ. ಅವರ ಮುಖಕ್ಕೆ ಜೀವ ಬಂತು.

‘ನೋಡು ಯವ್ವಾ, ಕಣ್ಣಿದ್ದವರೆಲ್ಲ ನೋಡ್ರಿ. ಹಳದಿ ಅಲ್ಲೇನು ಇದು?’

ಕೂತಿದ್ದ ಗಿರಾಕಿಗಳೆಲ್ಲ ಹಳದಿ ಎಂದರು. ಸಂಗಮ್ಮ ಸೀರೆಯನ್ನು ಮೂಸಿ ನೋಡಿದಳು, ತಿರುವಿ ನೋಡಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಕೊನೆಗೆ ಅದನ್ನು ಬಾಚಿಕೊಂಡು, ಅಂಗಡಿಯ ಹಿಂದಿನ ಅಂಗಳಕ್ಕೆ ಬಾವಿಯ ಹತ್ತಿರ ಹೋದಳು.

‘ಬರ್ರಿ ಇಲ್ಲಿ! ಈಗ ನೋಡ್ರಿ!’

ಎಲ್ಲರೂ ಓಡಿದೆವು. ಬಯಲ ಬೆಳಕಿನಲ್ಲಿ ಅದು ಹಾಲಿನ ಕೆನೆಯಂಥ ಬಿಳಿ. ಒಳಗೆ ತಂದರೆ ಹಳದಿ. ಹೊರಗೆ ಒಯ್ದರೆ ಬಿಳಿ. ಜನ ಸೀರೆಯ ಹಿಂದೆ ಒಳಗೆ ಹೊರಗೆ ಓಡಾಡಿದರು. ಯಾರೋ ಮಾಟ ಎಂದರು. ಇನ್ನೊಬ್ಬರು ಅದೇ ಅಂಗಡಿಯಲ್ಲಿ ಕೊಂಡ ತಮ್ಮ ಧೋತರವನ್ನು ಅನುಮಾನದಿಂದ ನೋಡಿಕೊಂಡರು. ಸಂಗಮ್ಮ ಅಂಗಡಿಯ ನಡುವೆ ನಿಂತು ಸೀರೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಧಾನವಾಗಿ ತಿರುಗಿದಳು. ಬಾಗಿಲಿನ ಕಡೆ ತಿರುಗಿದಾಗ ಹಳದಿ ಏರಿತು, ಒಳಗಿನ ಕಡೆ ತಿರುಗಿದಾಗ ಇಳಿಯಿತು. ಅವಳು ತಲೆ ಎತ್ತಿ ನೋಡಿದಳು. ಎದುರಿಗೆ ಪಡುವಣ ಬಿಸಿಲು ಬಿದ್ದ ರಾಯರ ಗೋಡೆ ಉರಿಯುತ್ತಿತ್ತು.

‘ಹಾಂ! ಬಣ್ಣ ಸೀರಿದಲ್ಲ, ಈ ಗ್ವಾಡೀದು!’

ಎಂದವಳೇ ಓಣಿ ದಾಟಿ ರಾಯರ ಬಾಗಿಲು ಬಡಿದಳು. ರಾಯರು ಹೊರಬಂದು ವಿಷಯ ಕೇಳಿ, ತಮ್ಮ ಗೋಡೆ ಸಾವ್ಕಾರರ ವ್ಯಾಪಾರಕ್ಕೆ ಕೈಹಾಕಿದೆ ಎಂದು ತಿಳಿದು ನಗಲಿಕ್ಕೆ ಹತ್ತಿದರು. ಅವರು ಅಷ್ಟು ನಕ್ಕದ್ದನ್ನು ಓಣಿ ಬಹಳ ದಿನ ಕಂಡಿರಲಿಲ್ಲ. ಆದರೆ ಹಿಂದಿನಿಂದ ರಮಾಬಾಯಿಯವರು ಗೋಡೆ ಹಿಡಿದುಕೊಂಡು ಬಂದು ನಿಂತಿದ್ದರು. ಅವರು ನಗಲಿಲ್ಲ. ತಮ್ಮ ಅರಿಶಿನದ ಗೋಡೆ ನೋಡಿದರು, ಎದುರಿನ ಕುಂಕುಮದ ಗೋಡೆ ನೋಡಿದರು, ಆಮೇಲೆ ತಮ್ಮ ಅಂಗೈ ನೋಡಿಕೊಂಡರು.

‘ಅಂದ್ರ ನಾ ಇಷ್ಟು ದಿನ ಗಂಜಿ ಕುಡದದ್ದು ಯಾಕ?’ ಎಂದು ಗಂಡನನ್ನು ಕೇಳಿದರು.

ರಾಯರ ನಗು ನಿಂತಿತು.

ಅಷ್ಟರಲ್ಲಿ ಸಾವ್ಕಾರರ ಹೆಂಡತಿ ಗೌರಮ್ಮನೂ ಹೊರಗೆ ಬಂದಿದ್ದರು. ಗಂಡಂದಿರ ಜಗಳದಿಂದ ಆ ಇಬ್ಬರು ಹೆಂಗಸರೂ ಮಾತು ಬಿಟ್ಟಿದ್ದರು. ಗೌರಮ್ಮ ರಮಾಬಾಯಿಯವರ ಕೊರಳೆಲುಬು ನೋಡಿ, ‘ಯವ್ವಾ, ಎಷ್ಟು ಸೊರಗೀರಿ!’ ಎಂದು ಅಳತೊಡಗಿದರು. ಒಳಗೆ ಹೋಗಿ ರೊಟ್ಟಿ, ಎಣ್ಣೆಗಾಯಿ ತಂದರು. ರಮಾಬಾಯಿಯವರು ಮಡಿ ಎನ್ನಲಿಲ್ಲ, ಪಂಡಿತರು ಎನ್ನಲಿಲ್ಲ, ಕಟ್ಟೆಯ ಮೇಲೆ ಎಲ್ಲರೆದುರು ಕೂತು ಉಂಡರು. ಉಂಡು ನೀರು ಕುಡಿದು, ಸಂಗಮ್ಮನಿಗೆ ನಿಜವಾದ ಹಳದಿಯ ಸೀರೆ ಬಾವಿಯ ಹತ್ತಿರ ನಿಂತು ತಾವೇ ಆರಿಸಿ ಕೊಟ್ಟರು. ಸಾವ್ಕಾರರನ್ನು ಕುರಕುಂಟಾಕ್ಕೆ ಕಳಿಸಿ, ಬೀಗರೆದುರು ತಪ್ಪು ಅಂಗಡಿಯದೆಂದು ಹೇಳಿಸುವುದೆಂದೂ ಅಲ್ಲೇ ತೀರ್ಮಾನವಾಯಿತು. ಸಾವ್ಕಾರರು ಹೋಗಿ ಹೇಳಿದರು. ಮದುವೆ ನಡೆಯಿತು.

ಗೋಡೆಗಳ ತೀರ್ಮಾನವನ್ನೂ ಹೆಂಗಸರೇ ಮಾಡಿದರು. ‘ನಾಳಿ ಬಿಸಲೇರಿದ ಮ್ಯಾಲ ಸಾವ್ಕಾರ್ರು ನಮ್ಮ ಪಡಸಾಲಿನಾಗ ಬಂದು ಕೂಡಬೇಕು. ತಮ್ಮ ಗ್ವಾಡಿ ತಾವು ನೋಡಬೇಕು. ಆಮ್ಯಾಲ ಸಿದ್ದಣ್ಣಗ ಬಣ್ಣ ಹೇಳಬೇಕು’ ಎಂದರು ರಮಾಬಾಯಿ. ಗಂಡಸರಿಬ್ಬರೂ ಬೇರೆ ಬೇರೆ ಕಡೆ ನೋಡಿದರು, ಬೇಡವೆನ್ನಲಿಲ್ಲ.

ಮರುದಿನ ಸಾವ್ಕಾರರು ಬಂದರು. ಅಷ್ಟು ವರ್ಷಗಳ ನಂತರ ಹೊಸ್ತಿಲು ದಾಟುವಾಗ ರುಮಾಲು ತಲೆಬಾಗಿಲಿಗೆ ತಾಗಿ ಬಿತ್ತು. ನಾನು ಎತ್ತಿಕೊಟ್ಟೆ. ರಾಯರು ಪೇಪರಿನಿಂದ ಮುಖ ತೆಗೆಯದೆ, ‘ಕುಂದ್ರು. ಆ ಕಡಿ ಅಲ್ಲ. ಈ ಕಡಿ, ನನ್ನ ಜಾಗಾದಾಗ’ ಎಂದು ತಾವು ಎದ್ದರು.

ಸಾವ್ಕಾರರು ಕೂತು ನೋಡಿದರು. ಪಡಸಾಲೆಯ ಸುಣ್ಣ, ತಾಮ್ರದ ತಂಬಿಗೆ, ತಮ್ಮದೇ ಬಿಳಿ ಅಂಗಿ, ಎಲ್ಲವೂ ಕೆಂಪಗಾಗಿದ್ದವು.

‘ಎಷ್ಟು ಕೆಟ್ಟ ಕಾಣಸ್ತದೋ ಭೀಮರಾಯ ಇದು’ ಎಂದರು. ‘ನಾ ಎಂದೂ ಇಲ್ಲಿಂದ ನೋಡೇ ಇರಲಿಲ್ಲ.’

‘ಗ್ವಾಡಿ ಬಿಡು. ಅದರ ಬಾಜೂಕ ಏನು ಕಾಣಸ್ತದ ಹೇಳು.’

ಗೋಡೆಯ ಪಕ್ಕದಲ್ಲಿದ್ದದ್ದು ಸಾವ್ಕಾರರ ಮನೆಯ ಬಾಗಿಲು. ಅಂಗಡಿಯದಲ್ಲ, ಮನೆಯದು. ಅದು ಯಾವಾಗಲೂ ಮುಚ್ಚಿರುತ್ತಿತ್ತು. ಮನೆಯವರೆಲ್ಲ ಅಂಗಡಿಯ ಒಳಗಿಂದಲೇ ಓಡಾಡುತ್ತಿದ್ದರು.

‘ಬಾಗಲ’ ಎಂದರು ಸಾವ್ಕಾರರು. ಧ್ವನಿ ಇಳಿದಿತ್ತು.

‘ಅವತ್ತು ನನ್ನ ಜೀಪಿನಾಗ ಹತ್ತಿಸಿದಾಗ ನನಗ ಕಂಡದ್ದೂ ಅದೇ. ನಿನ್ನ ಹೆಸರು ಹಿಡದು ಕೂಗಿದೆ. ನನ್ನ ಗೆಳೆಯಾ ಒಬ್ಬ ಅದಾನ, ಅವನ್ನ ಕೇಳ್ರಿ, ನಾ ಯಾರಿಗೂ ಕೇಡು ಮಾಡಿಲ್ಲ ಅಂತ ಹೇಳ್ತಾನ ಅಂದೆ. ಬಾಗಲ ತಗೀಲಿಲ್ಲ.’

‘ಮನ್ಯಾಗ ಇರಲಿಲ್ಲ ಅಂತ...’ ಎಂದು ಸಾವ್ಕಾರರು ಶುರು ಮಾಡಿದರು.

‘ಸುಳ್ಳ ಹೇಳಬ್ಯಾಡ. ಬಾಗಲ ಕೆಳಗಿನ ಸಂದಿನಾಗ ನಿನ್ನ ಧೋತರದ ಅಂಚು ಕಾಣಸ್ಲಿಕತ್ತಿತ್ತು.’

ಸಾವ್ಕಾರರು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಬಾಗಿಲ ಕಡೆ ಸರಿದು ನಿಂತೆ.

‘ಚಿಲಕಾ ಹಿಡ್ಕೊಂಡೇ ನಿಂತಿದ್ದೆ’ ಎಂದರು ಕೊನೆಗೆ. ‘ಬಾಗಲ ತಗದ್ರ ನನ್ನೂ ಒಯ್ತಾರ ಅನಸ್ತು. ನೀ ಹ್ವಾದ ಮ್ಯಾಲ ಆ ಬಾಗಲ ತಗೀಲಿಕ್ಕಿ ನನಗ ಮುಖಾ ಇರಲಿಲ್ಲ. ಅದಕ್ಕ ಹಂಗೇ ಬಿಟ್ಟೆ.’

ರಾಯರು ಪೇಪರು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಅವರಿಬ್ಬರ ನಡುವೆ ಏನು ಮಾತಾಡಬೇಕೆಂದು ತಿಳಿಯದೆ, ನನಗೆ ಬರುವ ಒಂದೇ ಮಾತನ್ನು ನಾನು ಕೇಳಿದೆ.

‘ಹಂಗಾರ ಸಾವ್ಕಾರ್ರ ಗ್ವಾಡಿಗಿ ಯಾವ ಬಣ್ಣ ಹಚ್ಚಲ್ರಿ?’

‘ಗ್ವಾಡಿಗಿ ಏನರೆ ಬಳಿ’ ಎಂದರು ರಾಯರು. ‘ಆ ಬಾಗಲ ತಗದಿರಬೇಕು, ಇಷ್ಟ.’

ಸಾವ್ಕಾರರು ಎದ್ದು, ಅಂಗಡಿಯ ಒಳಗಿಂದ ಮನೆಗೆ ಹೋದರು. ಮೊದಲು ಒಳಗೆ ಸಾಮಾನು ಸರಿಸುವ ಸದ್ದು. ಆಮೇಲೆ ಚಿಲಕ ಜಗ್ಗಿದ ಸದ್ದು. ತುಕ್ಕು ಹಿಡಿದಿತ್ತು, ನಾನೂ ಹೋಗಿ ಹೊರಗಿನಿಂದ ದೂಡಿದೆ. ಬಾಗಿಲು ಕಿರುಗುಟ್ಟಿ ತೆರೆಯಿತು. ಸಾವ್ಕಾರರು ಅದನ್ನು ಗೋಡೆಗೆ ಒರಗುವಷ್ಟು ದೂಡಿ, ಗಾಳಿಗೆ ಮುಚ್ಚದಿರಲೆಂದು ಒಂದು ಹಾಸುಗಲ್ಲಿನ ತುಂಡನ್ನು ಅಡ್ಡ ಇಟ್ಟು, ಮೈಮೇಲೆಲ್ಲ ಜೇಡರ ಬಲೆ ಹತ್ತಿಸಿಕೊಂಡು ಹೊಸ್ತಿಲ ಮೇಲೆ ನಿಂತರು.

‘ಕಾಣಸ್ತದೇನೋ?’ ಎಂದು ಅಲ್ಲಿಂದಲೇ ಕೂಗಿದರು.

ರಾಯರು ಕನ್ನಡಕ ಏರಿಸಿ, ಕುತ್ತಿಗೆ ಚಾಚಿ, ಹಳೆಯ ಗಿರದಾವರನ ಗತ್ತಿನಲ್ಲಿ ಎದುರು ಮನೆಯ ಒಳಗನ್ನೆಲ್ಲ ತನಿಖೆ ಮಾಡಿದರು.

‘ಕಾಣಸ್ತದ’ ಎಂದರು. ‘ಭಾಳ ಹೊಲಸದ. ಮೊದಲ ಕಸಾ ಹೊಡಸು.’